ಕಿರಿಮಂಜೇಶ್ವರದಲ್ಲಿ ಕೇಳಿದ ಒಂದು ಶಬ್ದ

ಬ್ರಹ್ಮಾವರ

ಪಾಸ್‌ಪೋರ್ಟು ಬೇಡದ ಪರದೇಶ ಒಂದಿದೆ. ಘಟ್ಟ ಇಳಿದರೆ ಸಾಕು. ಅಂಗಡಿಯ ಬೋರ್ಡು, ಬಸ್ಸಿನ ಹಣೆಬರಹ, ಗೋಡೆಯ ಮೇಲಿನ ಸಿನಿಮಾ ಪೋಸ್ಟರು ಎಲ್ಲವೂ ಕನ್ನಡದಲ್ಲೇ ಇರುತ್ತವೆ. ಜನ ಬಾಯಿ ತೆರೆದಾಗ ಮಾತ್ರ ನಾವು ಹೊರಗಿನವರು ಎನ್ನುವುದು ಗೊತ್ತಾಗುತ್ತದೆ.

ನಾನು ಮಳವಳ್ಳಿ ಕಡೆಯವಳು. ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲುಗಳಲ್ಲಿ ವಾರ್ಡನ್ ಆಗಿದ್ದು ನಿವೃತ್ತಳಾದವಳು. ಗಂಟೆ ಹೊಡೆದಾಗ ಏಳುವುದು, ಗಂಟೆ ಹೊಡೆದಾಗ ಉಣ್ಣುವುದು, ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಇರುವುದು, ಇದು ನನಗೆ ಕಲಿಸಿದ್ದು ಮತ್ತು ನಾನು ಕಲಿಸಿದ್ದು. ಹೆಂಗಸರು ಮತ್ತು ಮಕ್ಕಳ ಮೇಲಿನ ದೌರ್ಜನ್ಯ ತಡೆಯಲು ಸರ್ಕಾರ ಮಾಡುತ್ತಿರುವ ಕೆಲಸ ಊರುಗಳಿಗೆ ಎಷ್ಟರಮಟ್ಟಿಗೆ ತಲುಪಿದೆ ಎಂದು ನೋಡಿ ವರದಿ ಕೊಡುವ ಒಂದು ತಂಡಕ್ಕೆ ಹಿರಿಯಳೊಬ್ಬಳು ಬೇಕಿತ್ತು. ಹೀಗೆ ನಾನೂ, ಮೈಸೂರಿನಲ್ಲಿ ಕಾಲೇಜು ಪಾಠ ಹೇಳುವ ಶಶಿಕಲಾ ಎಂಬಾಕೆಯೂ ಬ್ರಹ್ಮಾವರ, ಕುಂದಾಪುರ, ಬೈಂದೂರು ತಾಲೂಕುಗಳಿಗೆ ಹೊರಟೆವು.

ಮೊದಲ ಪೆಟ್ಟು ಬ್ರಹ್ಮಾವರದ ಬಸ್‌ಸ್ಟ್ಯಾಂಡಿನಲ್ಲೇ ಬಿತ್ತು. ಕುಂದಾಪುರಕ್ಕೆ ಬಸ್ಸಿದೆಯಾ ಎಂದು ಒಬ್ಬ ಕಂಡಕ್ಟರನ್ನು ಕೇಳಿದೆ.

"ಇತ್ತ್, ಇತ್ತ್," ಎಂದ.

"ಹೋಗಿಬಿಟ್ಟಿತಾ?"

"ಹೋಪುದಲ್ಲ ಅಮ್ಮ, ಈಗ ಬಪ್ಪುದ್."

ಇದ್ದ ಬಸ್ಸು ಹೋಗಿಲ್ಲ, ಇನ್ನು ಬರಬೇಕು ಎಂದರೆ ಏನರ್ಥ? ಇವನಿಗೆ ತಲೆ ಸರಿಯಿಲ್ಲ ಎಂದುಕೊಂಡು ಬೆಂಚಿನ ಮೇಲೆ ಕುಳಿತೆ. ನಾನು ಕುಳಿತಿದ್ದಂತೆಯೇ ಬಸ್ಸು ಬಂದು ಹೋಯಿತು. ಇಲ್ಲಿ 'ಇತ್ತ್' ಎಂದರೆ 'ಇದೆ' ಎಂದು ಶಶಿಕಲಾ ಯಾರನ್ನೋ ಕೇಳಿಕೊಂಡು ಬಂದು ಹೇಳಿದಳು. ನಕ್ಕೆವು. ನಗುವುದಕ್ಕೆ ಅದೊಂದೇ ಸಿಕ್ಕಿದ್ದು.

ಆ ಸುತ್ತಿನ ಒಂದು ಶಾಲೆಯಲ್ಲಿ ಮಕ್ಕಳು ದೂರು ಹಾಕುವ ಪೆಟ್ಟಿಗೆ ನೋಡಿದೆವು. ಪೆಟ್ಟಿಗೆ ಚೆನ್ನಾಗಿತ್ತು, ಬಣ್ಣ ಹೊಸದು, ಬೀಗವೂ ಇತ್ತು. ಒಬ್ಬ ಪುಟ್ಟ ಹುಡುಗಿಯನ್ನು ಕರೆದು, ಇದರಲ್ಲಿ ಚೀಟಿ ಹಾಕಮ್ಮ ಎಂದೆ. ಅವಳು ಹಾರಿದಳು. ಕೈ ಎಟುಕಲಿಲ್ಲ. ಸ್ಟೂಲು ಎಲ್ಲಿದೆ ಎಂದು ಕೇಳಿದೆ. ಹೆಡ್‌ಮಾಸ್ತರ ಕೋಣೆಯಲ್ಲಿ ಇತ್ತು.

ಸಂಜೆ ಮೀನು ಮಾರುವ ಹೆಂಗಸರ ಸಂಘದ ಸಭೆ. ಮಾರ್ಕೆಟ್ಟಿನಲ್ಲಿ ಅವರ ದನಿ ರಸ್ತೆಯ ಆಚೆಗೂ ಕೇಳಿಸುತ್ತದೆ. ಮನೆಯಲ್ಲಿ ಹೊಡೆತ ಬಡಿತ ಉಂಟೇ ಎಂದು ನಾನು ಕೇಳಿದ ಕೂಡಲೇ ಎಲ್ಲರೂ ಬುಟ್ಟಿಯ ಅಂಚನ್ನು ನೋಡತೊಡಗಿದರು.

"ನಮ್ಮಲ್ಲ್ ಅಂತದ್ದ್ ಎಂತ ಇಲ್ಲೆ ಅಮ್ಮ," ಎಂದಳು ಒಬ್ಬಳು. "ಗಂಡ ಬೈದ್ರೆ ನಾವೂ ಬೈತೊ. ಅಲ್ಲಿಗ್ ಸಮ ಆಯ್ತ್."

ಉಳಿದವರು ನಕ್ಕರು. ಮೂಲೆಯಲ್ಲಿದ್ದ ಒಬ್ಬಳು ನಗಲಿಲ್ಲ. ಅವಳ ಹತ್ತಿರ ಹೋಗುವಷ್ಟರಲ್ಲಿ ಎದ್ದು ಹೋಗಿದ್ದಳು.

ಕಿರಿಮಂಜೇಶ್ವರ

ಮರುದಿನ ಶನಿವಾರ. ಬೆಳಿಗ್ಗೆ ಕಿರಿಮಂಜೇಶ್ವರದ ಹತ್ತಿರದ ಒಂದು ಶಾಲೆ, ಮಧ್ಯಾಹ್ನ ಗುಲ್ವಾಡಿಯಲ್ಲಿ ಹೆಂಗಸರ ಸಭೆ ಎಂದು ನಿಗದಿಯಾಗಿತ್ತು. ಊರು ತೋರಿಸಲು ಅಲ್ಲಿನ ಅಂಗನವಾಡಿಯ ಜಲಜ ಬಂದಿದ್ದರು. ಐವತ್ತರ ಹತ್ತಿರದ ಹೆಂಗಸು. ಮಾತು ಕಡಿಮೆ, ನಡಿಗೆ ಜೋರು.

ಶಶಿಕಲಾ ಶಿಕ್ಷಕರ ಜೊತೆ ಕುಳಿತಳು. ನಾನು ಮಕ್ಕಳನ್ನು ಒಬ್ಬೊಬ್ಬರಾಗಿ ಮರದ ಕೆಳಗೆ ಕರೆಸಿಕೊಂಡು ಮಾತಾಡಿಸಿದೆ. ಏಳನೇ ಕ್ಲಾಸಿನ ಅನ್ವಿತಾ ಬಂದಳು. ಅವಳ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ಜಲಜ ಮೊದಲೇ ಹೇಳಿದ್ದರು. ಅಮ್ಮನಿಗೆ ತವರಿನಲ್ಲಿ ಯಾರೂ ಉಳಿದಿಲ್ಲ, ಹಾಗಾಗಿ ಬಾಣಂತನವೂ ಗಂಡನ ಮನೆಯಲ್ಲೇ. ಅಪ್ಪ ಗಂಗೊಳ್ಳಿಯಿಂದ ಬೋಟಿಗೆ ಹೋಗುವವನು, ಬೋಟು ರಿಪೇರಿಗೆ ನಿಂತಿದ್ದರಿಂದ ಈಗ ಮನೆಯಲ್ಲೇ ಇದ್ದಾನೆ.

ಹುಡುಗಿ ನಿಂತೇ ಇದ್ದಳು. ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಪಾಠ, ಊಟ, ಗೆಳತಿಯರು ಎಲ್ಲ ಕೇಳಿದ ಮೇಲೆ ಕೇಳಿದೆ: "ಮನೇಲಿ ಅಮ್ಮನ್ನ ಚೆನ್ನಾಗಿ ನೋಡ್ಕೋತಾರಾ?"

ಲಂಗದ ಅಂಚನ್ನು ಬಿಡಿಸಿ ಮತ್ತೆ ಸುತ್ತಿಕೊಂಡಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ ಹೇಳಿದಳು.

"ಅಮ್ಮಂಗೆ ದಿನಾ ಹೊಯ್ತ್ರ್."

"ದಿನಾನಾ?"

"ಹ್ಞೂಂ. ಬಾಗ್ಲ್ ಹಾಕಂಡ್."

ನಮ್ಮ ಕಡೆ ಬಾಣಂತಿಗೆ ನೀರು ಹುಯ್ಯುವುದು ಎಂದರೆ ಒಂದು ವ್ರತವಿದ್ದ ಹಾಗೆ. ಹಂಡೆಯ ತುಂಬ ನೀರು ಕಾಯಿಸಿ, ಬಚ್ಚಲಿನ ಬಾಗಿಲು ಹಾಕಿ, ಗಾಳಿ ಸೋಕದಂತೆ ತಂಬಿಗೆ ಮೇಲೆ ತಂಬಿಗೆ ಹುಯ್ಯಬೇಕು. ಒಂದು ದಿನವೂ ತಪ್ಪಿಸುವಂತಿಲ್ಲ. ಹಾಗಾಗಿ ನನಗೆ ಸಂತೋಷವೇ ಆಯಿತು.

"ಹುಯ್ಯಲೇಬೇಕು ಕಣಮ್ಮ," ಎಂದೆ. "ದಿನಾ ಹುಯ್ಯಬೇಕು. ಆಗಲೇ ಅಮ್ಮನ ಮೈ ಗಟ್ಟಿಯಾಗೋದು. ನೀನು ಹೆದರಿಕೋಬೇಡ."

ಅವಳ ಬೆರಳು ನಿಂತಿತು. ನನ್ನನ್ನು ಒಮ್ಮೆ ನೋಡಿ, ತಿರುಗಿ, ಕರೆಯುವ ಮೊದಲೇ ತರಗತಿಗೆ ಹೋಗಿಬಿಟ್ಟಳು. ಹೇಳದೆ ಎದ್ದು ಹೋಗುವುದು ಶಿಸ್ತಲ್ಲ ಎಂದು ನನಗೆ ಸ್ವಲ್ಪ ಬೇಸರವಾಯಿತು.

ಹೊರಡುವಾಗ ರಸ್ತೆಯ ಬದಿಯ ಚಾ ಅಂಗಡಿಯಲ್ಲಿ ಒಬ್ಬ ಗಂಡಸನ್ನು ಜಲಜ ದೂರದಿಂದಲೇ ತೋರಿಸಿ, "ಅದೇ ಅನ್ವಿತಾನ ಅಪ್ಪ," ಎಂದು ಹೇಳಿ ಅಂಗನವಾಡಿಗೆ ತಿರುಗಿದರು. ಶಶಿಕಲಾ ಫೋನಿನಲ್ಲಿದ್ದಳು. ತವರಿಲ್ಲದ ಹೆಂಡತಿಗೆ ಯಾರನ್ನೋ ಗೊತ್ತುಮಾಡಿ ನೀರು ಹುಯ್ಯಿಸುತ್ತಿದ್ದಾನಲ್ಲ, ಇಂಥವನಿಗೆ ಒಂದು ಒಳ್ಳೆಯ ಮಾತು ಹೇಳಬೇಕು ಅನ್ನಿಸಿತು. ಅಲ್ಲದೆ ಹುಡುಗಿಯ ಬಾಯಿಂದ ಕಲಿತ ಶಬ್ದವನ್ನು ಅವರ ಧಾಟಿಯಲ್ಲೇ ಹೇಳಿ ನೋಡುವ ಹುಮ್ಮಸ್ಸು ಬೇರೆ.

"ನೀವು ಅನ್ವಿತಾ ತಂದೆಯವರಲ್ವಾ?"

"ಹೌದ್. ಎಂತ?"

"ನಿಮ್ಮನೇಲಿ ಬಾಣಂತಿಗೆ ದಿನಾ ಹೊಯ್ತ್ರಂತೆ. ಕೇಳಿ ಸಂತೋಷ ಆಯ್ತು. ಒಂದು ದಿನಾನೂ ಬಿಡಬೇಡಿ."

ಅವನು ಗ್ಲಾಸನ್ನು ಬೆಂಚಿನ ಮೇಲಿಟ್ಟ. "ಯಾರ್ ಹೇಳಿದ್?"

"ನಿಮ್ಮ ಮಗಳೇ."

"ಹೌದಾ," ಎಂದ. "ಒಳ್ಳೇದಾಯ್ತ್."

ಅರ್ಧ ಚಾ ಹಾಗೇ ಬಿಟ್ಟು ಎದ್ದು ಹೋದ. ನಾಚಿಕೆಯ ಮನುಷ್ಯ ಎಂದುಕೊಂಡೆ.

ತಲ್ಲೂರು

ಗುಲ್ವಾಡಿಗೆ ಹೋಗಲು ತಲ್ಲೂರಿನಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕಿತ್ತು. ಬಿಸಿಲು ಜೋರಾಗಿತ್ತು. ಪಕ್ಕದಲ್ಲಿ ಒಬ್ಬಳು ತಾಯಿ, ಅವಳ ಸೆರಗು ಜಗ್ಗುತ್ತಾ ಐಸ್‌ಕ್ಯಾಂಡಿಗೆ ಹಟ ಹಿಡಿದ ಮಗ. ಮೂರು ಸಲ ಬ್ಯಾಡ ಎಂದಳು. ನಾಲ್ಕನೇ ಸಲ ಕೈ ಎತ್ತಿದಳು.

"ಹೊಯ್ತೆ ಕಾಣ್ ಈಗ. ಸುಮ್ನೆ ನಿಲ್ಲ್."

ಮಗು ಎರಡೂ ಕೈಯಿಂದ ಕೆನ್ನೆ ಮುಚ್ಚಿಕೊಂಡಿತು.

ನಾನು ಅವಳ ಎತ್ತಿದ ಕೈ ನೋಡಿದೆ. ಕೈಯಲ್ಲಿ ತಂಬಿಗೆ ಇರಲಿಲ್ಲ.

"ಏನಂದ್ರಿ ನೀವು? ಹೊಯ್ತೆ ಅಂದ್ರೆ?"

ಅವಳು ನನ್ನ ಕೊರಳಲ್ಲಿದ್ದ ಗುರುತಿನ ಕಾರ್ಡು ನೋಡಿ ಗಾಬರಿಯಾದಳು. "ಇಲ್ಲ ಅಮ್ಮ, ಸುಮ್ನೆ ಹೆದ್ರಿಸುದ್. ನಾನ್ ಹೊಯ್ದಿಲ್ಲೆ."

"ಅದಲ್ಲ. ಹೊಯ್ಯೋದು ಅಂದ್ರೆ ಏನು?"

"ಹೊಡುದ್ ಮಾರಾಯ್ರೆ. ನಿಮ್ಗೆ ಗೊತ್ತಿಲ್ಯಾ?"

ಮರದ ಕೆಳಗೆ ಆ ಮಗು ಏನು ಹೇಳಿತ್ತು, ನಾನು ಏನು ಹೇಳಿ ಕಳಿಸಿದ್ದೆ, ಒಂದೊಂದಾಗಿ ಕಿವಿಗೆ ಬಂತು. ಅಮ್ಮನಿಗೆ ದಿನಾ ಹೊಡೆಯುತ್ತಾರೆ, ಬಾಗಿಲು ಹಾಕಿಕೊಂಡು ಹೊಡೆಯುತ್ತಾರೆ. ಹೊಡೆಯಲೇಬೇಕು ಕಣಮ್ಮ, ಆಗಲೇ ಮೈ ಗಟ್ಟಿಯಾಗೋದು. ಅದರ ಹಿಂದೆಯೇ ಬೆಂಚಿನ ಮೇಲೆ ಬಿಟ್ಟುಹೋದ ಅರ್ಧ ಚಾ ಗ್ಲಾಸು. ಯಾರು ಹೇಳಿದ್ದು? ನಿಮ್ಮ ಮಗಳೇ.

ಶಶಿಕಲಾಗೆ ಹೇಳಿದೆ. ಅವಳು ತಕ್ಷಣ ಜಲಜರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು.

"ಅನ್ವಿತಾನ ಶಾಲೇಲೇ ಇಟ್ಕೊಳ್ಳಿ. ಮನೆಗೆ ಕಳಿಸಬೇಡಿ," ಎಂದೆ.

"ಶಾಲೆ ಬಿಟ್ಟಾಯ್ತಲೆ ಮೇಡಂ. ಶನಿವಾರ ಅಲ್ದಾ? ಅದ್ ಮನಿಗ್ ಹೋಯ್ ಆಯ್ತ್."

ನಡೆದದ್ದನ್ನು ಹೇಳಿದೆ. "ನಾನ್ ಅವ್ರ ಮನಿ ಹತ್ರ ಹೋತೆ. ನೀವ್ ಬನಿ," ಎಂದು ಇಟ್ಟುಬಿಟ್ಟರು.

ಶಶಿಕಲಾ ಸಹಾಯವಾಣಿಗೆ ಫೋನ್ ಮಾಡಿದಳು. ನಾವು ಎರಡು ದಿನದಿಂದ ಪ್ರತಿ ಗೋಡೆಯ ಮೇಲೂ ಇದೆಯೇ ಎಂದು ನೋಡಿಕೊಂಡು ಬಂದಿದ್ದ ಅದೇ ನಂಬರು. ಎತ್ತಿದರು. ಊರು ಯಾವುದು, ತಾಲೂಕು ಕುಂದಾಪುರವೋ ಬೈಂದೂರೋ, ಮಗುವಿನ ವಯಸ್ಸೆಷ್ಟು ಎಂದು ಸಮಾಧಾನವಾಗಿ ಕೇಳಿದರು. ಗಾಡಿ ಕಳಿಸುತ್ತೇವೆ, ಪೊಲೀಸರಿಗೂ ತಿಳಿಸುತ್ತೇವೆ ಎಂದರು. ಕೊನೆಯಲ್ಲಿ ಒಂದು ಪ್ರಶ್ನೆ: "ಈಗ ಮಗುವಿನ ಹತ್ತಿರ ಯಾರಿದ್ದಾರೆ?"

ಶಶಿಕಲಾ ನನ್ನ ಮುಖ ನೋಡಿದಳು. ಅವರಪ್ಪ ಎಂದು ಹೇಳಬೇಕಾಯಿತು.

"ಗುಲ್ವಾಡಿಯಲ್ಲಿ ಜನ ಕಾಯ್ತಿರ್ತಾರೆ ಮೇಡಂ," ಎಂದಳು ಆಮೇಲೆ, ಹೇಳಬೇಕಾದ್ದಕ್ಕೆ ಹೇಳಿದ ಹಾಗೆ.

"ಕಾಯಲಿ."

ಇಷ್ಟು ವಯಸ್ಸಿಗೆ ಹೇಳಿದ ಹೊತ್ತಿಗೆ ಹೇಳಿದ ಜಾಗಕ್ಕೆ ಹೋಗದೆ ಇದ್ದದ್ದು ಅದೇ ಮೊದಲು. ಗುಲ್ವಾಡಿಯನ್ನು ನಾನು ಇವತ್ತಿಗೂ ನೋಡಿಲ್ಲ.

ಬಸ್ಸಿನಲ್ಲಿ

ಬಂದದ್ದು ಎಕ್ಸ್‌ಪ್ರೆಸ್ಸು. ಕೈ ಅಡ್ಡ ಹಿಡಿದೆ, ನಿಂತಿತು. ಹತ್ತಿದ ಮೇಲೆ ಕಂಡಕ್ಟರ್ ಹೇಳಿದ: "ಅಲ್ಲಿ ಸ್ಟಾಪ್ ಇಲ್ಲೆ ಅಮ್ಮ. ಬೈಂದೂರಂಗೆ ಇಳಿಕ್."

"ಅಲ್ಲೇ ನಿಲ್ಲಿಸಿ ಕೊಡ್ತೀರಿ."

"ಎಂತ ಅಷ್ಟ್ ಅರ್ಜೆಂಟ್?"

"ಬಾಣಂತಿ ಇದ್ದಾಳೆ."

ಸುಳ್ಳಲ್ಲ. ಅವನು ಡ್ರೈವರನ್ನು ಕೂಗಿದ: "ಹ್ವಾಯ್, ಕಿರಿಮಂಜೇಶ್ವರದಂಗೆ ಒಂದ್ ಬಾಳಂತಿ ಕೇಸ್ ಇತ್ತ್, ನಿಲ್ಸ್ಕ್." ಮುಂದಿನ ಸೀಟಿನ ಅಜ್ಜಿ ತಿರುಗಿ, "ಎಂತ ಮಗು? ಗಂಡಾ ಹೆಣ್ಣಾ?" ಎಂದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದದ್ದಕ್ಕೆ, ಇವಳೆಂಥ ನೆಂಟತಿ ಎನ್ನುವ ಹಾಗೆ ನೋಡಿದರು. "ಘಟ್ಟದವ್ರ್," ಎಂದು ಪಕ್ಕದವಳಿಗೆ ಹೇಳಿದರು. ಎಲ್ಲ ತಪ್ಪಿಗೂ ಅದೇ ಸಾಕಾದ ಕಾರಣ ಎನ್ನುವ ಹಾಗೆ.

ಬಸ್ಸು ಓಡುತ್ತಿತ್ತು. ಎಡಗಡೆ ಸಮುದ್ರ ಎಂದು ಶಶಿಕಲಾ ಹೇಳಿದ್ದು ಕಿವಿಗೆ ಬಿತ್ತು, ನಾನು ತಿರುಗಲಿಲ್ಲ. ಆ ಮನೆಯ ಬಾಗಿಲಲ್ಲಿ ನಿಂತು ಏನು ಹೇಳುವುದು? ನಿಮ್ಮ ವಿಷಯ ಗೊತ್ತಾಯಿತು ಎಂದರೆ ಅವನ ಮುಂದೆ ಆ ಹುಡುಗಿಯನ್ನು ಇನ್ನೊಂದು ಸಲ ನಿಲ್ಲಿಸಿದ ಹಾಗೆ. ಅವಳು ಏನನ್ನೂ ಹೇಳಿಲ್ಲ ಎಂದು ಅವನು ನಂಬಬೇಕು. ಒಳಗೆ ಹೋಗಲು ನನಗೆ ಒಂದು ದಾರಿಯೂ ಬೇಕು. ಯೋಚಿಸುತ್ತಾ ಹೋದಾಗ ಎರಡಕ್ಕೂ ಉತ್ತರ ಒಂದೇ ಎಂದು ಕಂಡಿತು. ನಾನು ಎಡವಿದ ಕಲ್ಲೇ ಅದು.

ಮತ್ತೆ ಕಿರಿಮಂಜೇಶ್ವರ

ಜಲಜ ಬೇಲಿಯ ಹತ್ತಿರ ನಿಂತಿದ್ದರು. ಅಂಗಳದಲ್ಲಿ ಶಾಲೆಯ ಚೀಲ ಬಿದ್ದಿತ್ತು. ಪುಸ್ತಕಗಳು ಹೊರಗೆ ಜಾರಿದ್ದವು, ಯಾರೂ ಎತ್ತಿರಲಿಲ್ಲ. ಬಾಗಿಲು ಹಾಕಿತ್ತು. ಅವನು ಜಗಲಿಯಲ್ಲಿ ಕುಳಿತಿದ್ದ.

"ನಂಗ್ ಗೊತ್ತಿತ್ತ್ ಮೇಡಂ," ಎಂದು ಜಲಜ ತಗ್ಗಿದ ದನಿಯಲ್ಲಿ ಹೇಳಿದರು. "ಸುತ್ತ ಮನಿಯರಿಗೆಲ್ಲ ಗೊತ್ತಿತ್ತ್. ನೀವ್ ನಾಳೆ ಹೋತ್ರಿ. ನಾನ್ ಇಲ್ಲೇ ಇರ್ಕಲ್ದಾ?"

ಅಂಗಳಕ್ಕೆ ಹೋದೆ.

"ಎಂತ? ಬಸ್ ತಪ್ಪಿತಾ?" ಎಂದ ಅವನು. ಏಳಲಿಲ್ಲ.

"ತಪ್ಪಲಿಲ್ಲ. ನಾನೇ ಇಳಿದು ವಾಪಸ್ ಬಂದೆ. ಬಾಣಂತಿಗೆ ಒಂದು ಸಲ ನನ್ನ ಕೈಯಾರೆ ನೀರು ಹುಯ್ದು ಹೋಗೋಣ ಅಂತ."

"ನೀರ್?"

"ಹ್ಞೂಂ, ನೀರೇ. ನಮ್ಮೂರಲ್ಲಿ ಹುಯ್ಯೋದು ಅಂದ್ರೆ ಬಿಸಿನೀರು ಹುಯ್ಯೋದು. ಅಮ್ಮನಿಗೆ ದಿನಾ ಹುಯ್ತಾರಾ ಅಂತ ನಿಮ್ಮ ಮಗಳನ್ನ ಕೇಳಿದೆ, ಪಾಪ, ಏನು ಅರ್ಥ ಆಯ್ತೋ ಏನೋ, ಹ್ಞೂಂ ಅಂದಳು. ನಿಮಗೂ ಅದನ್ನೇ ಹೇಳಿದ್ದು. ಯಾಕೆ, ನಿಮ್ಮ ಕಡೆ ಬೇರೆ ಅರ್ಥ ಇದೆಯಾ?"

ಅವನು ನನ್ನನ್ನು ನೋಡಿದ. ಜಲಜರನ್ನು ನೋಡಿದ. ಆಮೇಲೆ ಅವನ ಭುಜ ಕೆಳಗಿಳಿಯಿತು, ನಗತೊಡಗಿದ.

"ಕೇಳಿದ್ರ್ಯಾ ಜಲಜಕ್ಕ? ನೀರ್ ಅಂಬ್ರ್."

ನಗು ನಿಲ್ಲುವ ಮೊದಲೇ ನಾನು ಬಾಗಿಲು ತಳ್ಳಿ ಒಳಗಿದ್ದೆ. ಶಶಿಕಲಾ ಜಗಲಿಯಲ್ಲೇ ಕುಳಿತು ಅವನಿಗೆ ಬೋಟಿನ ರಿಪೇರಿಯ ವಿಷಯ ಕೇಳತೊಡಗಿದಳು.

ಒಳಗೆ ತೊಟ್ಟಿಲಿನಲ್ಲಿ ಕೂಸು ಮಲಗಿತ್ತು, ಪಕ್ಕದಲ್ಲಿ ಅಮ್ಮ ನಿಂತಿದ್ದಳು. ಅನ್ವಿತಾ ಗೋಡೆಗೆ ಒರಗಿ ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಳು. ನನ್ನನ್ನು ಕಂಡವಳು ಅಮ್ಮನ ಹಿಂದೆ ಸರಿದಳು. ಅವನಿಂದ ತಪ್ಪಿಸಿಕೊಳ್ಳಲಿಕ್ಕಲ್ಲ, ನನ್ನಿಂದ.

ಅಮ್ಮನ ಹೆಸರು ಸುಗಂಧಿ. ಬಚ್ಚಲಿಗೆ ನಡಿ ಎಂದೆ. ಅವಳು ಸೆರಗು ಬಿಡಲಿಲ್ಲ.

"ನಾನು ಹಾಸ್ಟೆಲಿನವಳು. ಎಷ್ಟೋ ಹೆಣ್ಣುಮಕ್ಕಳ ತಲೆಗೆ ಎಣ್ಣೆ ಹಾಕಿ ಬೆನ್ನು ಉಜ್ಜಿದೀನಿ. ನಡಿ."

ಒಲೆಯ ಮೇಲೆ ನೀರು ಕಾದಿತ್ತು. ಅವಳ ಬೆನ್ನು ನೋಡಿದ ಮೇಲೆ ಬಿಸಿ ಹುಯ್ಯುವ ಹಾಗಿರಲಿಲ್ಲ. ತಣ್ಣೀರು ಬೆರೆಸಿದೆ, ಮತ್ತೂ ಬೆರೆಸಿದೆ. ಹಳೆಯದರ ಮೇಲೆ ಹೊಸದು. ಹೆಗಲ ಹತ್ತಿರದ ಗುರುತು ಇವತ್ತಿನದೇ ಇರಬೇಕು. ಅದಕ್ಕೆ ನಾನೂ ಪಾಲುದಾರಳು. ಒಂದು ತಂಬಿಗೆ ಹುಯ್ದು ನೀರಿನ ಸದ್ದಿನ ಮರೆಯಲ್ಲಿ ಹೇಳಿದೆ.

"ಗಾಡಿ ಬರುತ್ತೆ. ಹೆಂಗಸರು ಇರ್ತಾರೆ. ಮಕ್ಕಳ ಜೊತೆ ಬಂದುಬಿಡು."

ಅವಳು ಹಿಂತಿರುಗಿ ನೋಡಲಿಲ್ಲ. "ಹೋದ್ರೆ ತಿರ್ಗಿ ಬಪ್ಪುಕೆ ಆತಾ?"

"ಬರಬೇಕೋ ಬೇಡವೋ ಆಮೇಲೆ ನೀನೇ ಹೇಳು. ಇವತ್ತು ಇಲ್ಲಿ ಬೇಡ."

ಹೊರಗೆ ಅವನ ಮಾತು ನಿಂತಿತು. ಶಶಿಕಲಾಗೆ ಕೇಳಲು ಬೋಟಿನ ವಿಷಯ ಮುಗಿದಿತ್ತು ಎಂದು ಕಾಣುತ್ತದೆ. "ಆಯ್ತಾ ನೀರ್?" ಎಂದು ಜಗಲಿಯಿಂದ ಕೇಳಿದ. ಮತ್ತೆ, ಇನ್ನೂ ಹತ್ತಿರದಿಂದ, "ಆಯ್ತಾ?" ನಾನು ಖಾಲಿ ತಂಬಿಗೆಯನ್ನು ಹಂಡೆಗೆ ಬಡಿದು ಸದ್ದು ಮಾಡಿದೆ.

ಸುಗಂಧಿ ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು ಕೊನೆಯ ನೀರನ್ನು ತಾನೇ ಹುಯ್ದುಕೊಂಡಳು. ಸೀರೆ ಸುತ್ತಿಕೊಂಡು, ಗೋಡೆಯಾಚೆಗೆ ಕೇಳುವಷ್ಟೇ ದನಿಯಲ್ಲಿ ಕರೆದಳು.

"ಅನ್ವಿತಾ, ಮಗೀನ್ ಬಟ್ಟಿ ಎಲ್ಲ ತೆಕ್ಕೊ."

ಗಾಡಿ ಬರುವಾಗ ನಾವು ನಾಲ್ವರು ಹೆಂಗಸರೂ, ಹುಡುಗಿಯೂ ಜಗಲಿಯಲ್ಲಿದ್ದೆವು. ಕೂಸು ಸುಗಂಧಿಯ ತೋಳಿನಲ್ಲಿ. ಹೆಂಗಸು ಪೊಲೀಸೊಬ್ಬರು ಇಳಿದರು, ಜೊತೆಗೆ ಉಡುಪಿಯ ಮಹಿಳಾ ಸಹಾಯ ಕೇಂದ್ರದಿಂದ ಬಂದ ಒಬ್ಬಾಕೆ. ಅವನು ಎದ್ದು ನಿಂತ. ಬೆಳಿಗ್ಗೆ ಕೇಳಿದ ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಕೇಳಿದ, ಮಗಳನ್ನು ನೋಡುತ್ತಾ.

"ಯಾರ್ ಹೇಳಿದ್?"

"ನಾನು," ಎಂದೆ. "ಬೆನ್ನು ನೋಡಿದೆ. ನಾನೇ ಹೇಳಿದೆ."

ಅವನು ಒಂದು ಹೆಜ್ಜೆ ಮುಂದಿಟ್ಟ. ಪೊಲೀಸಮ್ಮ ನಡುವೆ ಬಂದು ನಿಂತರು. ಜಲಜ ಅಷ್ಟು ಹೊತ್ತೂ ಬೇಲಿಯ ಕಡೆಗೇ ನೋಡುತ್ತಿದ್ದವರು ತಿರುಗಿ, "ನಾನೂ ಹೇಳ್ತೆ," ಎಂದರು. "ಬರ್ಕಣಿ," ಎಂದು ಪೊಲೀಸಮ್ಮನ ಕೈಯ ಪುಸ್ತಕ ತೋರಿಸಿದರು. ಅಕ್ಕಪಕ್ಕದ ಮನೆಗಳ ಕಿಟಕಿಗಳಲ್ಲಿ ಜನ ಇದ್ದರು. ಯಾರೂ ಹೊರಗೆ ಬರಲಿಲ್ಲ. ಯಾರೂ ಕಿಟಕಿ ಮುಚ್ಚಲೂ ಇಲ್ಲ.

ಉಡುಪಿಯ ದಾರಿ

ಸಹಾಯವಾಣಿ ಕೆಲಸ ಮಾಡುತ್ತದೆ ಎಂದು ವರದಿಯಲ್ಲಿ ಬರೆದೆವು. ಅದು ನಿಜ. ಮಗು ಬಾಯಿಬಿಡಲಿ ಎಂದು ಗೋಡೆಗೆ ಬರೆಸಿದ್ದಾರೆ, ಪೆಟ್ಟಿಗೆ ತೂಗುಹಾಕಿದ್ದಾರೆ, ಸಭೆ ಕರೆದಿದ್ದಾರೆ. ಒಂದು ಮಗು ಬಾಯಿಬಿಟ್ಟಿತು. ಕೇಳಿಸಿಕೊಳ್ಳಲು ಕಳಿಸಿದ್ದು ನನ್ನನ್ನು. ಮುಂದೆ ಹೋಗುವ ತಂಡದಲ್ಲಿ ಆ ಊರಿನ ಮಾತು ಬಲ್ಲವರು ಇಲ್ಲದಿದ್ದರೆ ಮಕ್ಕಳನ್ನು ಪ್ರಶ್ನೆ ಕೇಳಲೇಬಾರದು ಎಂದೂ ಬರೆದೆ. ಶಶಿಕಲಾ ಅದನ್ನು ಮೊದಲ ಪುಟಕ್ಕೆ ತಂದಳು.

ಆದರೆ ಅದೆಲ್ಲ ಆಮೇಲಿನದು. ಗಾಡಿಯಲ್ಲಿ ಅನ್ವಿತಾ ನನ್ನ ಪಕ್ಕದಲ್ಲಿ ಕುಳಿತಿದ್ದಳು. ಬೇರೆ ಜಾಗ ಇರಲಿಲ್ಲ, ಅದಕ್ಕೆ. ಕುಂದಾಪುರ ದಾಟುವವರೆಗೂ ಕಿಟಕಿಯ ಕಡೆಗೇ ಮುಖ. ಆಮೇಲೆ, ಈ ಕಡೆ ತಿರುಗದೆಯೇ ಕೇಳಿದಳು.

"ನೀವ್ ಬೆಳಿಗ್ಗೆ ಹೊಯ್ಕ್ ಅಂದ್ರಿ ಅಲ್ದಾ? ಎಂತಕೆ?"

"ಹುಯ್ಯಬೇಕು ಅಂದಿದ್ದು ನಿಜ ಕಣಮ್ಮ, ಆದ್ರೆ ನನಗೆ ಅರ್ಥ ಆಗಿರಲಿಲ್ಲ. ನಮ್ಮೂರಲ್ಲಿ ಹುಯ್ಯೋದು ಅಂದ್ರೆ ನೀರು ಹಾಕೋದು. ಅಮ್ಮನಿಗೆ ಸ್ನಾನ ಮಾಡಿಸ್ತಾರೆ ಅಂದ್ಕೊಂಡೆ."

ಅವಳು ಅದನ್ನು ಯೋಚಿಸಿದಳು. ನಂಬುವುದೋ ಬಿಡುವುದೋ ಎಂದು ತೂಗುತ್ತಿದ್ದಳು.

"ಹಂಗಾರ್ ಹೊಯ್ದಕ್ಕೆ ನಿಮ್ಮೂರಂಗೆ ಎಂತ ಅಂತ್ರ್?"

"ಹೊಡೆಯೋದು ಅಂತೀವಿ."

"ಅಲ್ಲಿಯೂ ಇತ್ತಾ ಅದ್?"

ಇಲ್ಲ ಎಂದು ಹೇಳಬಹುದಿತ್ತು. ಬೆಳಿಗ್ಗೆಯಿಂದ ಅವಳಿಗೆ ಹೇಳಿದ್ದೇ ಸಾಕಾಗಿತ್ತು.

"ಅಲ್ಲೂ ಇದೆ."

ಈಗ ಅವಳು ತಿರುಗಿ ನನ್ನನ್ನು ನೋಡಿದಳು. "ಹಂಗಾರ್ ನಾವ್ ಎಲ್ಲಿಗ್ ಹೋಪುದ್?"

ಮುಂದಿನ ಸೀಟಿನಲ್ಲಿ ಸುಗಂಧಿ ಕೂಸನ್ನು ತಟ್ಟುತ್ತಿದ್ದ ಕೈ ನಿಲ್ಲಿಸಿದಳು. ಅವಳಿಗೂ ಅದು ಕೇಳಬೇಕಿತ್ತು.

"ಈಗ ಉಡುಪಿಗೆ," ಎಂದೆ. "ಹೋದ ಕೂಡಲೇ ನಿನ್ನ ಕಿವಿಯನ್ನ ಡಾಕ್ಟರಿಗೆ ತೋರಿಸೋದು. ಆಮೇಲೆ ಊಟ. ಉಳಿದದ್ದನ್ನ ಊಟ ಆದಮೇಲೆ ನೋಡೋಣ."